ಹೆಸರು ಹೇಳಲಾಗದ ಆಪರೇಷನ್: ಮನೆಯಲ್ಲಿ ಮೊದಲ ಆರು ವಾರ

ಯಜಮಾನರಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತೆಂದರೆ ಓಣಿಗೆಲ್ಲಾ ಸುದ್ದಿಯಾಗುತ್ತದೆ. ಕಣ್ಣಿನ ಪೊರೆ ತೆಗೆಸಿಕೊಂಡು ಬಂದರೆ ನೆರೆಹೊರೆಯವರು ಬಾಳೆಹಣ್ಣು ಹಿಡಿದುಕೊಂಡು ಮಾತಾಡಿಸಲು ಬರುತ್ತಾರೆ. ಆದರೆ ಕೆಲವು ಆಪರೇಷನ್ನುಗಳ ಹೆಸರನ್ನು ಅತ್ತೆಯ ಮುಂದೆ ಹೇಳುವ ಹಾಗಿಲ್ಲ, ತವರಿನಲ್ಲಿ ಅಕ್ಕತಂಗಿಯರ ಕೂಡ ಆಡುವ ಹಾಗೂ ಇಲ್ಲ. ಆಸ್ಪತ್ರೆಯಿಂದ ಬಂದವರು ಗೋಡೆ ಕಡೆ ಮುಖ ಮಾಡಿ ಮಲಗಿಬಿಡುತ್ತಾರೆ. "ಹ್ಯಾಂಗ ಅನಸ್ತದರೀ?" ಅಂತ ಕೇಳಿದರೆ "ಏನಿಲ್ಲ, ನೀ ಸುಮ್ನಿರು" ಅನ್ನೋದೇ ಉತ್ತರ. ಪುರುಷಾಂಗದ ಇಂಪ್ಲಾಂಟ್ ಆಪರೇಷನ್ ಅಂಥವುಗಳಲ್ಲಿ ಒಂದು.

ಇಂಥ ವಿಷಯ ಹೆಂಗಸರ ಪತ್ರಿಕೆಯಲ್ಲಿ ಯಾಕೆ ಎಂದು ಹುಬ್ಬೇರಿಸಬೇಡಿ. ಆಪರೇಷನ್ ಮಾಡುವವರು ಡಾಕ್ಟರು, ಮಾಡಿಸಿಕೊಳ್ಳುವವರು ಯಜಮಾನರು. ಆದರೆ ಮನೆಗೆ ಬಂದ ಮೇಲೆ ಗಂಟೆ ನೋಡಿ ಗುಳಿಗೆ ಕೊಡುವವರು, ಬಟ್ಟೆ ಒಗೆಯುವವರು, ಪಥ್ಯದ ಅಡಿಗೆ ಮಾಡುವವರು, ರಾತ್ರಿ ನರಳಿದ ದನಿಗೆ ಮೊದಲು ಎಚ್ಚರಾಗುವವರು ಯಾರು? ನೀವೇ ಅಲ್ಲವೇ? ಯಾವ ನೋವು ಸಹಜವಾದದ್ದು, ಯಾವ ನೋವು ಅಪಾಯದ್ದು ಎಂಬ ಒಂದು ತಿಳಿವಳಿಕೆ ಗೃಹಿಣಿಗೆ ಇದ್ದರೆ ಸಾಕು, ಮುಕ್ಕಾಲು ಪಾಲು ಗಾಬರಿ ತಪ್ಪುತ್ತದೆ. ಗಾಬರಿಯಾಗಲೇಬೇಕಾದ ಹೊತ್ತಿನಲ್ಲಿ ಕೈಕಟ್ಟಿ ಕೂಡುವುದೂ ತಪ್ಪುತ್ತದೆ.

ಏನಿದು ಈ ಆಪರೇಷನ್?

ಹತ್ತು ಹದಿನೈದು ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ನರಗಳೂ ಸಣ್ಣ ರಕ್ತನಾಳಗಳೂ ಸೊರಗುತ್ತವೆ. ಆಗ ಪುರುಷಾಂಗಕ್ಕೆ ಬೇಕಾದಷ್ಟು ರಕ್ತ ಬಂದು ನಿಲ್ಲುವುದಿಲ್ಲ, ನಿಮಿರುವ ಶಕ್ತಿ ಕುಂದುತ್ತದೆ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಆಪರೇಷನ್ ಆದವರಲ್ಲಿ, ಅಪಘಾತದಲ್ಲಿ ಸೊಂಟದ ಎಲುಬು ಮುರಿದವರಲ್ಲಿಯೂ ಹೀಗಾಗುವುದುಂಟು. ಇದು ಗಂಡಸುತನದ ಕೊರತೆಯೂ ಅಲ್ಲ, ಹೆಂಡತಿಯ ಮೇಲಿನ ಬೇಸರವೂ ಅಲ್ಲ. ದೇಹದ ಒಂದು ಕಾಯಿಲೆ.

1998ರಲ್ಲಿ ವಯಾಗ್ರ ಗುಳಿಗೆ ಬಂದಾಗಿನಿಂದ ಅನೇಕರಿಗೆ ಗುಳಿಗೆಯಿಂದಲೇ ಗುಣ ಕಾಣುತ್ತಿದೆ. (ಎದೆನೋವಿಗೆ ನೈಟ್ರೇಟ್ ಗುಳಿಗೆ ತೆಗೆದುಕೊಳ್ಳುವವರು ಇದನ್ನು ಮುಟ್ಟಲೇಬಾರದು.) ಗುಳಿಗೆ, ನಿರ್ವಾತ ಪಂಪು, ಚುಚ್ಚುಮದ್ದು ಯಾವುದೂ ಹತ್ತದೆ ಹೋದಾಗ ಕೊನೆಯ ದಾರಿ ಈ ಇಂಪ್ಲಾಂಟ್. ಅಂಗದ ಒಳಗಿನ ಎರಡು ಕೊಳವೆಗಳಲ್ಲಿ ಎರಡು ಕೃತಕ ಸಾಧನಗಳನ್ನು ಕೂಡಿಸುತ್ತಾರೆ. ಒಮ್ಮೆ ಕೂಡಿಸಿದ ಮೇಲೆ ಹಳೆಯ ಸಹಜ ನಿಮಿರುವಿಕೆ ತಿರುಗಿ ಬರುವುದಿಲ್ಲ. ಆದ್ದರಿಂದಲೇ ಗಂಡ-ಹೆಂಡತಿ ಇಬ್ಬರೂ ಕೂತು ವಿಚಾರ ಮಾಡಿ ಒಪ್ಪಬೇಕಾದ ಆಪರೇಷನ್ ಇದು.

ಇದರಲ್ಲಿ ಎರಡು ಬಗೆ. ಉಬ್ಬಿಸಿ ಇಳಿಸುವಂಥದ್ದು ಒಂದು. ಇದನ್ನು ಅಮೆರಿಕದ ಡಾ. ಬ್ರಾಂಟ್ಲಿ ಸ್ಕಾಟ್ ಮತ್ತು ಸಂಗಡಿಗರು 1973ರಲ್ಲಿ ವೈದ್ಯಲೋಕದ ಮುಂದಿಟ್ಟರು. ವೃಷಣಚೀಲದಲ್ಲಿ ಒಂದು ಪುಟ್ಟ ಪಂಪು, ಕೆಳಹೊಟ್ಟೆಯಲ್ಲಿ ಉಪ್ಪುನೀರಿನ ಒಂದು ಚೀಲ. ಪಂಪು ಒತ್ತಿದರೆ ನೀರು ಅಂಗದೊಳಕ್ಕೆ ಬರುತ್ತದೆ, ಇಳಿಸುವ ಗುಂಡಿ ಒತ್ತಿದರೆ ಮರಳುತ್ತದೆ. ಎರಡನೆಯದು ಬಾಗಿಸುವ ಸಿಲಿಕೋನ್ ಕಡ್ಡಿಗಳ ಜೋಡಿ. ಇದರಲ್ಲಿ ಪಂಪು ಇಲ್ಲ. ಮೊದಲನೆಯದಕ್ಕೆ ಲಕ್ಷಗಟ್ಟಲೆ ಖರ್ಚು. ಎರಡನೆಯ ಬಗೆಯದನ್ನು ಮುಂಬಯಿಯ ಡಾ. ರೂಪಿನ್ ಷಾ ನಮ್ಮ ದೇಶದಲ್ಲೇ ರೂಪಿಸಿದ್ದರಿಂದ ಮಧ್ಯಮ ವರ್ಗದವರಿಗೂ ಅದು ಕೈಗೆಟಕುವಂತಾಯಿತು. ಯಜಮಾನರಿಗೆ ಕೂಡಿಸಿದ್ದು ಯಾವ ಬಗೆಯದು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಆಸ್ಪತ್ರೆಯವರು ಕೊಡುವ ಕಾರ್ಡನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಡಿ. ಮುಂದೆ ಯಾವ ಸ್ಕ್ಯಾನಿಂಗ್‌ಗೆ ಹೋದರೂ ಅದನ್ನು ತೋರಿಸಬೇಕು.

ಊರಿಗೆ ಮರಳುವ ದಾರಿ

ಇದು ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವ ಕೆಲಸವಲ್ಲ. ಮೂತ್ರರೋಗ ತಜ್ಞರನ್ನು ಹುಡುಕಿಕೊಂಡು ದೊಡ್ಡ ಊರಿಗೇ ಹೋಗಬೇಕು. ಹುಬ್ಬಳ್ಳಿಯಿಂದ ಗದಗಿಗೇ ಸುಮಾರು 60 ಕಿಲೋಮೀಟರ್; ಮುಂಡರಗಿಯವರಿಗೆ ಅಲ್ಲಿಂದ ಮುಂದೆ ಮತ್ತೆ 40ರ ಹತ್ತಿರ. ಬೆಂಗಳೂರಿನಲ್ಲಿ ಮಾಡಿಸಿದರಂತೂ ರಾತ್ರಿಯಿಡೀ ಪ್ರಯಾಣ. ಬಿಡುಗಡೆಯಾದ ದಿನವೇ ನೂಕುನುಗ್ಗಲಿನ ಬಸ್ಸು ಹತ್ತುವ ಸಾಹಸ ಬೇಡ. ಕಾರು ಮಾಡಿಕೊಂಡರೆ ಒಳ್ಳೆಯದು. ಇಲ್ಲವೆ ರೈಲಿನಲ್ಲಿ ಮಲಗುವ ಸೀಟು. ಟಂಟಂ ಗಾಡಿ, ಮೋಟರ್‌ಸೈಕಲ್ಲಿನ ಹಿಂದಿನ ಸೀಟು ಎರಡೂ ಖಂಡಿತ ಬೇಡ. ಕೂಡುವಲ್ಲಿ ಮೆತ್ತನೆಯ ಕೌದಿ ಮಡಿಚಿ ಹಾಕಿ. ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ; ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಅಗತ್ಯ.

ಹೊರಡುವ ಮೊದಲು ಮೂರು ಮಾತನ್ನು ಡಾಕ್ಟರರಿಂದ ಬರೆಸಿಕೊಳ್ಳಿ: ಯಾವ ಗುಳಿಗೆ ಎಷ್ಟು ದಿನ, ಸ್ನಾನ ಯಾವಾಗಿನಿಂದ, ರಾತ್ರಿ ತೊಂದರೆಯಾದರೆ ಯಾವ ನಂಬರಿಗೆ ಫೋನು. ಕೇಳಲು ಸಂಕೋಚಪಡಬೇಡಿ. ಅವರಿಗೆ ಇದು ದಿನದ ಕೆಲಸ.

ಮೊದಲ ವಾರ: ಬಾವು ನೋಡಿ ಬೆದರಬೇಡಿ

ಮೊದಲ ನಾಲ್ಕೈದು ದಿನ ನೋವು ಜೋರಾಗಿಯೇ ಇರುತ್ತದೆ. ವೃಷಣಚೀಲ ನಿಂಬೆಹಣ್ಣಿನಿಂದ ಕಿತ್ತಳೆಹಣ್ಣಿನ ಗಾತ್ರಕ್ಕೆ ಬಂದಂತೆ ಬಾಯುತ್ತದೆ. ಚರ್ಮ ನೇರಳೆಹಣ್ಣಿನಂತೆ ಕಪ್ಪಿಡುತ್ತದೆ. ಕೆಲವರಿಗೆ ತೊಡೆಯವರೆಗೂ ಬಣ್ಣ ಇಳಿಯುವುದುಂಟು. ಇದು ಒಳಗೆ ಒಸರಿದ ರಕ್ತದ ಕಲೆ. ಎರಡು ಮೂರು ವಾರದಲ್ಲಿ ಹಸಿರಾಗಿ, ಹಳದಿಯಾಗಿ ತಾನೇ ಮಾಯವಾಗುತ್ತದೆ. ಆದರೆ ಬಾವು ಒಮ್ಮಿಂದೊಮ್ಮೆಲೆ ಏರುತ್ತಾ ಹೋಗಿ ಕಲ್ಲಿನಂತೆ ಗಟ್ಟಿಯಾದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತಿಳಿಸಿ.

ನೋವಿನ ಗುಳಿಗೆಯನ್ನು ನೋವು ತಡೆಯಲಾರದಷ್ಟು ಆದಾಗ ಕೊಡುವುದು ನಮ್ಮ ಕಡೆಯ ರೂಢಿ. "ಗುಳಿಗಿ ಭಾಳ ತಗೊಂಡ್ರ ಹೀಟ್ ಆಗ್ತದ" ಅನ್ನುವವರೂ ಇದ್ದಾರೆ. ಮೊದಲ ಮೂರು ನಾಲ್ಕು ದಿನ ಹಾಗೆ ಮಾಡಬೇಡಿ. ಡಾಕ್ಟರು ಬರೆದ ಗುಳಿಗೆಯನ್ನು ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಕೊಟ್ಟರೆ ನೋವು ತಲೆ ಎತ್ತುವುದೇ ಇಲ್ಲ. ಏರಿದ ನೋವನ್ನು ಇಳಿಸುವುದು ಕಷ್ಟ. ಆದರೆ ಬರೆದುಕೊಟ್ಟದ್ದಕ್ಕಿಂತ ಹೆಚ್ಚು ಬೇಡ. ಅಂಗಡಿಯಿಂದ ಬೇರೊಂದು ನೋವಿನ ಗುಳಿಗೆ ತಂದು ಬೆರೆಸುವುದಂತೂ ಬೇಡವೇ ಬೇಡ. ಸಕ್ಕರೆ ಕಾಯಿಲೆಯವರ ಮೂತ್ರಪಿಂಡಕ್ಕೆ ಕೆಲವು ನೋವುನಿವಾರಕಗಳು ಕೆಡಕು. ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದವರು ಅದನ್ನು ಯಾವಾಗ ಮತ್ತೆ ಶುರು ಮಾಡಬೇಕೆಂದು ಕೇಳಿಕೊಂಡೇ ಬರಬೇಕು.

ಗುಳಿಗೆಯಷ್ಟೇ ಸುಖ ಕೊಡುವ ಮನೆಯ ಉಪಾಯಗಳೂ ಇವೆ.

ಮಂಜುಗಡ್ಡೆಯ ಚೂರುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೊಂದು ಒಣ ಟವೆಲ್ ಸುತ್ತಿ, ಡಾಕ್ಟರು ಒಪ್ಪಿದರೆ ಮೊದಲ ಎರಡು ಮೂರು ದಿನ 15 ನಿಮಿಷ ಇಡಿ. ಮತ್ತೆ ಒಂದು ಗಂಟೆಯಾದರೂ ಬಿಡುವು ಕೊಡಿ. ಬರಿಯ ಮಂಜುಗಡ್ಡೆ ಚರ್ಮಕ್ಕೆ ತಾಕಬಾರದು. ಸಕ್ಕರೆ ಕಾಯಿಲೆಯವರಿಗೆ ಸ್ಪರ್ಶ ಮಂದವಾಗಿರುವುದರಿಂದ ಚರ್ಮ ಸುಟ್ಟದ್ದೂ ಗೊತ್ತಾಗುವುದಿಲ್ಲ.

ಮಲಗಿದಾಗ ತೊಡೆಗಳ ನಡುವೆ ಒಂದು ಟವೆಲನ್ನು ಸುರುಳಿ ಸುತ್ತಿ ವೃಷಣಚೀಲದ ಕೆಳಗೆ ಆಸರೆಯಾಗಿ ಇಟ್ಟರೆ ಬಾವು ಬೇಗ ಇಳಿಯುತ್ತದೆ. ಎದ್ದು ಓಡಾಡುವಾಗ ಸಡಿಲ ಚಡ್ಡಿ ಬೇಡ. ಮೈಗೆ ಅಂಟುವ ಹತ್ತಿಯ ಒಳಚಡ್ಡಿ ಬೇಕು. ಅಂಗವನ್ನು ಹೊಕ್ಕಳ ಕಡೆಗೆ ಮೇಲ್ಮುಖವಾಗಿ ಇರಿಸಿಕೊಳ್ಳಲು ಬಹಳ ಡಾಕ್ಟರುಗಳು ಹೇಳುತ್ತಾರೆ. ಮೇಲೆ ಪಂಜೆ ಉಟ್ಟುಕೊಂಡರೆ ಪ್ಯಾಂಟಿನ ತಿಕ್ಕಾಟ ಇರೋದಿಲ್ಲ. ನಮ್ಮ ಕಡೆಯ ಬೇಸಗೆಯಲ್ಲಿ ಬೆವರು ಬಹಳ. ಒಳಉಡುಪನ್ನು ದಿನಕ್ಕೆರಡು ಸಲ ಬದಲಿಸಿ, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಕೊಡಿ.

ಹೊಲಿಗೆಯನ್ನು ತೋಯಿಸಲು ಡಾಕ್ಟರು ಒಪ್ಪುವವರೆಗೆ ಒದ್ದೆ ಬಟ್ಟೆಯಿಂದ ಮೈ ಒರೆಸುವುದೇ ಸ್ನಾನ. ಒಪ್ಪಿದ ಮೇಲೂ ತಂಬಿಗೆಯಿಂದ ಮೆಲ್ಲಗೆ ನೀರು ಹಾಕಿಕೊಳ್ಳುವುದಷ್ಟೇ. ಹೊಳೆ, ಬಾವಿ, ಕೆರೆಯ ಈಜು ಇಲ್ಲ. ತುಂಬಿಟ್ಟ ನೀರಿನಲ್ಲೇ ದಿನ ತೆಗೆಯುವ ಗದಗ-ಬೆಟಗೇರಿಯ ಮನೆಗಳಲ್ಲಿ ಗಾಯ ತೊಳೆಯುವ ನೀರನ್ನು ಕುದಿಸಿ ಆರಿಸಿ ಬೇರೆ ಪಾತ್ರೆಯಲ್ಲಿ ಮುಚ್ಚಿಡಿ. ಗಾಯ ಮುಟ್ಟುವ ಮೊದಲು ನಿಮ್ಮ ಕೈಯನ್ನೂ ಸಾಬೂನಿನಿಂದ ತೊಳೆಯಿರಿ.

ಇನ್ನೊಂದು ಮಾತು. ಕಪ್ಪತಗುಡ್ಡದ ಮಡಿಲಲ್ಲಿರುವವರು ನಾವು. ಶಿರಹಟ್ಟಿ, ಮುಂಡರಗಿ ಕಡೆ ಗಿಡಮೂಲಿಕೆ ಬಲ್ಲ ಹಿರಿಯರಿಗೆ ಕೊರತೆಯಿಲ್ಲ. ಅವರ ಮೇಲಿನ ಗೌರವ ಹಾಗೇ ಇರಲಿ. ಆದರೆ ಈ ಗಾಯಕ್ಕೆ ತಪ್ಪಲು ಅರೆದು ಹಚ್ಚುವುದು, ಅರಿಶಿನ-ಎಣ್ಣೆ ಸವರುವುದು, ಬಿಸಿ ಶಾಖ ಕೊಡುವುದು ಯಾವುದೂ ಬೇಡ. ಒಳಗೆ ಇರುವುದು ಪರಕೀಯ ವಸ್ತು. ಅದಕ್ಕೆ ಕ್ರಿಮಿ ತಾಕಿದರೆ ಔಷಧದಿಂದ ಗುಣವಾಗುವುದು ವಿರಳ. ಬಹುತೇಕ ಸಾಧನವನ್ನೇ ತೆಗೆಯಬೇಕಾಗುತ್ತದೆ.

ಅಡಿಗೆಮನೆಯ ಪಾಲು

ಈ ದಿನಗಳಲ್ಲಿ ಗಂಡಸರನ್ನು ಹೆಚ್ಚು ಹೈರಾಣ ಮಾಡುವುದು ಮಲಬದ್ಧತೆ. ಕೆಲವು ನೋವಿನ ಗುಳಿಗೆಗಳೇ ಹೊಟ್ಟೆ ಕಟ್ಟುತ್ತವೆ, ಮೇಲೆ ಓಡಾಟವಿಲ್ಲ. ಮುಕ್ಕಿದರೆ ಹೊಲಿಗೆಯ ಮೇಲೆ ಭಾರ ಬಿದ್ದು ನೋವು ಇಮ್ಮಡಿಸುತ್ತದೆ. ಮೈದಾದ ತಿಂಡಿ, ಮಿರ್ಚಿಭಜಿ ದೂರವಿಡಿ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಸವತೆಕಾಯಿ, ಮೂಲಂಗಿ, ಮಜ್ಜಿಗೆ ಇವು ನಮ್ಮ ಅಡಿಗೆಯಲ್ಲೇ ಇವೆ. ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇಲ್ಲದವರು ನೀರನ್ನು ಧಾರಾಳವಾಗಿ ಕುಡಿಯಲಿ. ರಾತ್ರಿ ಮಲಗುವಾಗ ಇಸಬಗೋಲನ್ನು ನೀರಲ್ಲಿ ಕಲಸಿ ಕೊಡಬಹುದು.

ಮೆಂತ್ಯೆ-ಹೆಸರುಬ್ಯಾಳಿ ಪಲ್ಯ ಹೀಗೆ ಮಾಡಿ: ಎರಡು ಕಟ್ಟು ಮೆಂತ್ಯೆಸೊಪ್ಪನ್ನು ತೊಳೆದು ಹೆಚ್ಚಿಕೊಳ್ಳಿ. ಅರ್ಧ ಬಟ್ಟಲು ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಸಿ. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಒಂದೇ ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ, ಬೇಳೆ ಮತ್ತು ಸ್ವಲ್ಪ ನೀರು ಸೇರಿಸಿ ಮುಚ್ಚಿಡಿ. ಬೇಳೆ ಮುಕ್ಕಾಲು ಬೆಂದಾಗ ಸೊಪ್ಪು, ಉಪ್ಪು ಹಾಕಿ ನೀರು ಇಂಗುವವರೆಗೆ ಬೇಯಿಸಿ. ಬಿಸಿ ರೊಟ್ಟಿಯೊಂದಿಗೆ ಬಾಯಿಗೂ ಹಿತ, ಹೊಟ್ಟೆಗೂ ಹಗುರ.

ಸಕ್ಕರೆ ಹತೋಟಿಯಲ್ಲಿದ್ದರೆ ಗಾಯ ಬೇಗ ಕೂಡುತ್ತದೆ, ಸೋಂಕಿನ ಭಯವೂ ಕಡಿಮೆ. ಮಾತಾಡಿಸಲು ಬಂದವರು ಮಾದಲಿ, ಕರದಂಟು ತಂದರೆ ಮಕ್ಕಳಿಗೆ ಹಂಚಿಬಿಡಿ. ಊಟ ಕಡಿಮೆ ಮಾಡಿದ ದಿನ ಇನ್ಸುಲಿನ್ ಎಷ್ಟು ಎಂದು ಕೇಳಿಕೊಳ್ಳಿ. ಸಕ್ಕರೆ ತೀರ ಇಳಿಯುವುದೂ ಅಪಾಯವೇ. ಬೀಡಿ, ಗುಟ್ಕಾ ಬಿಡಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು. ತಂಬಾಕು ರಕ್ತನಾಳಗಳನ್ನು ಬಿಗಿಹಿಡಿಯುವುದರಿಂದ ಗಾಯ ಮಾಯುವುದು ತಡವಾಗುತ್ತದೆ.

ಕೆಲಸಕ್ಕೆ ಅವಸರ ಬೇಡ

ಮನೆಯೊಳಗೆ ಓಡಾಟ ಮರುದಿನದಿಂದಲೇ ಇರಲಿ. ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವವರು, ಅಂಗಡಿಯವರು ಒಂದೆರಡು ವಾರಕ್ಕೆ ಕೆಲಸಕ್ಕೆ ಹೋಗಬಹುದು. ಮೈಮುರಿದು ದುಡಿಯುವವರಿಗೆ ನಾಲ್ಕರಿಂದ ಆರು ವಾರ ಬಿಡುವು ಬೇಕು. ಬೆಟಗೇರಿಯಲ್ಲಿ ಕುಣಿಮಗ್ಗದಲ್ಲಿ ಕೂತು ನೇಯುವವರಿಗೆ ತೊಡೆಸಂದಿಯ ಮೇಲೆ ಒತ್ತಡ, ಕಾಲಲ್ಲಿ ತುಳಿತ ಎರಡೂ ಇದೆ. ಡಾಕ್ಟರು ಹೇಳದೆ ಮಗ್ಗ ಹತ್ತಬಾರದು. ಲಕ್ಷ್ಮೇಶ್ವರ, ಮುಂಡರಗಿಯ ಒಕ್ಕಲುತನದವರು ಶೇಂಗಾ ಚೀಲಕ್ಕೆ ಹೆಗಲು ಕೊಡುವುದು, ಟ್ರ್ಯಾಕ್ಟರ್ ನಡೆಸುವುದು ಬೇಡ. ತುಂಬಿದ ಕೊಡವನ್ನೂ ಎತ್ತಿಸಬೇಡಿ. ಸೈಕಲ್, ಮೋಟರ್‌ಸೈಕಲ್ಲಿಗೂ ಅಷ್ಟೇ ದಿನ ರಜೆ. ಆದ್ದರಿಂದ ಆಪರೇಷನ್ನಿನ ತಾರೀಖನ್ನು ಸುಗ್ಗಿ, ಮದುವೆ, ಜಾತ್ರೆ ನೋಡಿಕೊಂಡೇ ಗೊತ್ತು ಮಾಡುವುದು ಜಾಣತನ.

"ಏನಾಗಿತ್ತವ್ವಾ?" ಎಂದು ಕೇಳುವವರಿಗೆ ಏನು ಹೇಳಬೇಕು? "ಮೂತ್ರದ ಕಡೆ ಸಣ್ಣ ಆಪರೇಷನ್ ಆಗ್ಯದ, ಭಾರ ಎತ್ತಬಾರದು ಅಂದಾರ" ಎಂದರೆ ಸಾಕು. ಅದರಲ್ಲಿ ಸುಳ್ಳೂ ಇಲ್ಲ, ಮನೆಯ ಗುಟ್ಟು ಬಯಲಾಗುವುದೂ ಇಲ್ಲ. ಆದರೆ ಜ್ವರಕ್ಕೆಂದು ತೋರಿಸುವ ಊರಿನ ಡಾಕ್ಟರಿಗೆ ಮಾತ್ರ ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು.

ಇಳಿಯುವ ನೋವು, ಏರುವ ನೋವು

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನಿಡಿ: ದಿನದಿಂದ ದಿನಕ್ಕೆ ಇಳಿಯುವ ನೋವು ಗುಣವಾಗುವ ನೋವು, ಇಳಿದು ಮತ್ತೆ ಏರುವ ನೋವು ಕರೆಗಂಟೆ.

ಕ್ಯಾಲೆಂಡರಿನಲ್ಲಿ ಪ್ರತಿದಿನ ಸಂಜೆ ಅವರನ್ನೇ ಕೇಳಿ ನೋವಿಗೆ ಹತ್ತಕ್ಕೆ ಇಷ್ಟು ಎಂದು ಅಂಕಿ ಬರೆಯಿರಿ. ಎಂಟು, ಏಳು, ಐದು, ನಾಲ್ಕು ಎಂದು ಇಳಿಯುತ್ತಿದ್ದರೆ ನಿಶ್ಚಿಂತೆ. "ಏನಿಲ್ಲ" ಎನ್ನುವ ಗಂಡಸರೂ ಅಂಕಿ ಕೇಳಿದರೆ ಹೇಳುತ್ತಾರೆ. ಅಷ್ಟಿಷ್ಟು ನೋವು ನಾಲ್ಕರಿಂದ ಆರು ವಾರ, ಕೆಲವರಿಗೆ ಇನ್ನೂ ಸ್ವಲ್ಪ ದಿನ ಉಳಿಯಬಹುದು. ಆದರೆ ಈ ಗುರುತುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನು ಹೋಗಬೇಕು:

ಜ್ವರ 100.4 ಡಿಗ್ರಿ ದಾಟುವುದು, ಚಳಿನಡುಕ. ಗಾಯದಿಂದ ಕೀವು, ವಾಸನೆ, ನಿಲ್ಲದ ರಕ್ತ. ಕೆಂಪು ಮತ್ತು ಬಿಸಿ ಹರಡುತ್ತಾ ಹೋಗುವುದು. ಹೊಲಿಗೆ ಬಿಡುವುದು, ಚರ್ಮದಡಿಯಿಂದ ಸಾಧನ ಕಾಣುವುದು. ಪಂಪಿನ ಮೇಲಿನ ಚರ್ಮ ಸರಿದಾಡದೆ ಅಂಟಿಕೊಳ್ಳುವುದು.

ಮೂತ್ರ ಕಟ್ಟಿದರೆ ಅಥವಾ ಅಂಗದ ತುದಿ ತಣ್ಣಗಾಗಿ ಕಪ್ಪಿಟ್ಟರೆ ಗಂಟೆಯೂ ಕಾಯಬಾರದು. ಹುಬ್ಬಳ್ಳಿ ದೂರವೆನಿಸಿದರೆ ಗದಗಿನ ಜಿಮ್ಸ್ ಆಸ್ಪತ್ರೆಗೆ ಹೋಗಿ, ಅಲ್ಲಿಂದಲೇ ನಿಮ್ಮ ಡಾಕ್ಟರಿಗೆ ಫೋನು ಹಚ್ಚಿಸಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಸೋಂಕು ಎಲ್ಲರಿಗೂ ಆಗುವಂಥದ್ದಲ್ಲ. ಈಗಿನ ಔಷಧಲೇಪಿತ ಸಾಧನಗಳಲ್ಲಿ ನೂರಕ್ಕೆ ಕೆಲವರಿಗಷ್ಟೇ. ಆದರೆ ಆ ಕೆಲವರಲ್ಲಿ ನಾಚಿಕೆಯಿಂದ ತಡ ಮಾಡಿದವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಸೋಂಕು ತಿಂಗಳುಗಳ ನಂತರವೂ ತಲೆ ಎತ್ತಬಹುದು ಎಂಬುದು ನೆನಪಿರಲಿ.

ನಾಲ್ಕನೆಯ ವಾರದ ನಂತರ

ಪಂಪು ಇರುವ ಬಗೆಯಾದರೆ ನಾಲ್ಕರಿಂದ ಆರು ವಾರದ ಹೊತ್ತಿಗೆ ಡಾಕ್ಟರು ಕರೆದು ಅದನ್ನು ನಡೆಸುವುದು ಹೇಗೆಂದು ಕಲಿಸುತ್ತಾರೆ. ಅದಕ್ಕೆ ಮೊದಲು ಕುತೂಹಲಕ್ಕೆ ಒತ್ತಿ ನೋಡಬಾರದು. ಸಾಧ್ಯವಾದರೆ ಆ ದಿನ ನೀವೂ ಜೊತೆಗೆ ಹೋಗಿ. ಮೊದಮೊದಲು ಉಬ್ಬಿಸುವಾಗ ನೋವಾಗುತ್ತದೆ; ಬೆಚ್ಚಗಿನ ನೀರಿನ ಸ್ನಾನದ ನಂತರ ಮಾಡಿದರೆ ಹಗುರ. ದಿನವೂ ಡಾಕ್ಟರು ಹೇಳಿದಷ್ಟು ಹೊತ್ತು ಉಬ್ಬಿಸಿ ಇಳಿಸುವುದು ಮುರಿದ ಕೈಗೆ ವ್ಯಾಯಾಮ ಮಾಡಿಸಿದಂತೆ. ಒಂದೆರಡು ವಾರದಲ್ಲಿ ಅಭ್ಯಾಸವಾಗುತ್ತದೆ. ಸಿಲಿಕೋನ್ ಕಡ್ಡಿಯ ಬಗೆಯಲ್ಲಿ ಅಂಗ ಯಾವಾಗಲೂ ತುಸು ಗಟ್ಟಿಯಾಗಿಯೇ ಇರುತ್ತದೆ. ಮಡಿಚಿಟ್ಟುಕೊಳ್ಳುವುದನ್ನು ಕಲಿತರೆ ಬಟ್ಟೆಯ ಮೇಲೆ ತೋರುವುದಿಲ್ಲ.

"ಮೊದಲಿಗಿಂತ ಗಿಡ್ಡಾತು" ಎಂಬ ಚಿಂತೆ ಅನೇಕ ಗಂಡಸರನ್ನು ಕೊರೆಯುತ್ತದೆ. ಬಾವು ಇರುವಾಗ ಅಳತೆ ಮಾಡಿ ಸಂಕಟಪಡುವುದು ಬೇಡ. ಸ್ವಲ್ಪ ವ್ಯತ್ಯಾಸ ಉಳಿದರೂ ಉಳಿಯಬಹುದು. ಸ್ಪರ್ಶಸುಖ, ಬಯಕೆ, ಸ್ಖಲನ ಮೊದಲು ಹೇಗಿದ್ದವೋ ಸಾಮಾನ್ಯವಾಗಿ ಹಾಗೆಯೇ ಇರುತ್ತವೆ. ಇಂಪ್ಲಾಂಟ್ ಅವನ್ನು ಕೊಡುವುದೂ ಇಲ್ಲ, ಕಸಿಯುವುದೂ ಇಲ್ಲ.

ನಿಮ್ಮ ಮನಸ್ಸಿನ ಮಾತು

ಆರು ವಾರ ಮುಗಿದು ಡಾಕ್ಟರು ಹೂಂ ಅಂದ ಕೂಡಲೇ ಯಜಮಾನರಿಗೆ ಅವಸರ ಬರಬಹುದು. ಇಷ್ಟು ದುಡ್ಡು ಸುರಿದಿದ್ದೇನೆ, ಇಷ್ಟು ನೋವು ಉಂಡಿದ್ದೇನೆ ಎಂಬ ಭಾವ. ಆದರೆ ವರ್ಷಗಟ್ಟಲೆ ದೂರವಿದ್ದು ಒಗ್ಗಿಹೋದ ನಿಮ್ಮ ದೇಹಕ್ಕೂ ಹೊತ್ತು ಬೇಕಲ್ಲವೇ? ಮುಟ್ಟು ನಿಂತವರಿಗೆ ಒಣಗುವಿಕೆಯಿಂದ ನೋವಾಗುವುದು ಸಹಜ. ಔಷಧದ ಅಂಗಡಿಯಲ್ಲಿ ನೀರಿನಂಶದ ಜೆಲ್ಲಿ ಸಿಗುತ್ತದೆ. ಅದಕ್ಕೂ ನೋವು ಹೋಗದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ. "ಇವತ್ತ ಬ್ಯಾಡ್ರಿ" ಎನ್ನುವ ಹಕ್ಕು ಆಪರೇಷನ್ನಿನ ಮೊದಲೂ ನಿಮಗಿತ್ತು, ಈಗಲೂ ಇದೆ. ಅದನ್ನು ಪ್ರೀತಿಯಿಂದ ಹೇಳಿ; ತಮ್ಮ ಮೇಲಿನ ಅಸಹ್ಯವೆಂದು ಅವರು ತಿಳಿಯದಂತೆ ಹೇಳಿ.

ಆ ಆರು ವಾರಗಳನ್ನು ಬರಿಯ ಕಾಯುವಿಕೆ ಎಂದುಕೊಳ್ಳಬೇಡಿ. ಸಂಜೆ ಜೊತೆಗೆ ಕೂತು ಚಹಾ ಕುಡಿಯುವುದು, ಬೆನ್ನಿಗೆ ಎಣ್ಣೆ ಸವರುವುದು, ಮಕ್ಕಳು ಮಲಗಿದ ಮೇಲೆ ಹಳೆಯ ಮಾತು ತೆಗೆಯುವುದು ಯಾವ ಡಾಕ್ಟರೂ ಬರೆದುಕೊಡದ ಔಷಧ. ಇಷ್ಟು ವರ್ಷ ಗೋಡೆ ಕಡೆ ಮುಖ ಮಾಡಿದವರು ಈ ಕಡೆ ತಿರುಗಿ "ಇವತ್ತ ನೋವು ಮೂರರಷ್ಟ ಅದ ನೋಡು" ಅಂತ ತಾವಾಗಿಯೇ ಹೇಳಿದರೆ, ಅರ್ಧ ಗುಣವಾದಂತೆಯೇ ಸರಿ.